ಊರಂಚಿನ ಕಾಡಿನಲ್ಲಿ ದಾರಿ ತಪ್ಪುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಹೋದ ವಾರ ಮೊದಲ ಸಲ ಹೋಗಿದ್ದೆ. ಮೊದಲ ಕವಲಿನವರೆಗೂ ಮರಗಳ ಮೇಲೆ ಹಳದಿ ಗುರುತು ಇತ್ತು, ಆಮೇಲೆ ಎಲ್ಲೂ ಕಾಣಲಿಲ್ಲ, ಸುಮ್ನೆ ಸವೆದ ದಾರಿ ಹಿಡಿದು ಹೋಗಿ ಕೊನೆಗೆ ಮುಳ್ಳುಪೊದೆ ಎದುರು ನಿಂತೆ. 6 ಕಿಲೋಮೀಟರ್ ಸುತ್ತಿಗೆ ಎಷ್ಟು ಹೊತ್ತು ಬೇಕು? ಫೋನ್ ಮ್ಯಾಪ್ ನಂಬಬಹುದಾ?

ಉತ್ತರ 1:
ಗುರುತು ತಪ್ಪಿತು ಅನ್ನಿಸಿದರೆ ಕೊನೆಯ ಗುರುತಿಗೆ ವಾಪಸ್ ಬನ್ನಿ. ಎಷ್ಟೋ ಕಡೆ ಒಂದರ ಮೇಲೊಂದು ಎರಡು ಪಟ್ಟಿ ಬಳಿದಿದ್ದರೆ ಮುಂದೆ ತಿರುವಿದೆ ಎಂದರ್ಥ. ಸವೆದದ್ದೆಲ್ಲಾ ದಾರಿಯಲ್ಲ, ಕೆಲವು ಜಿಂಕೆ ಓಡಾಡಿ ಆದದ್ದು.

ಉತ್ತರ 2:
1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ ಲೆಕ್ಕ ಇವತ್ತಿಗೂ ನಡೆಯುತ್ತದೆ: ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನನ್ನ ಹಾಗೆ ಹಕ್ಕಿ ಕಂಡಲ್ಲೆಲ್ಲಾ ನಿಲ್ಲುವವರು ಎರಡು ಗಂಟೆ ಇಟ್ಟುಕೊಳ್ಳಿ. ಮರಗಳ ಕೆಳಗೆ ಬೇಗ ಕತ್ತಲಾಗುತ್ತದೆ, ಅಲ್ವಾ?

ಉತ್ತರ 3:
ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ಚುಕ್ಕೆ ಆಚೀಚೆ ಜಾರುತ್ತದೆ, ಹತ್ತಿರದಲ್ಲೇ ಎರಡು ದಾರಿ ಇದ್ದರೆ ಯಾವುದರಲ್ಲಿ ಇದ್ದೀರಿ ಅಂತ ಗೊತ್ತಾಗಲ್ಲ. ಇನ್ನೊಂದು, ಕೆಸರು ಸಿಕ್ಕರೆ ಪಕ್ಕಕ್ಕೆ ಹೋಗಬೇಡಿ, ನಡುವೆಯೇ ತುಳಿಯಿರಿ. ಎಲ್ಲರೂ ಪಕ್ಕಕ್ಕೆ ಹೋಗಿ ಹೋಗಿಯೇ ದಾರಿ ಅಗಲವಾಗಿ ಗಿಡ ಸಾಯುವುದು. ಒದ್ದೆ ಬೇರಿನ ಮೇಲೆ ಮಾತ್ರ ಕಾಲಿಡಬೇಡಿ, ನಾನು ಬಿದ್ದಿದ್ದೇನೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಆ ಮುಳ್ಳುಪೊದೆ ದಾರಿ ಜಿಂಕೆಯದ್ದೇ ಇರಬೇಕು! ಭಾನುವಾರ ಮತ್ತೆ ನೋಡುತ್ತೇನೆ.