ಸಹಾಯ ಬೇಕು: ಸೆಕೆಂಡ್ ಹ್ಯಾಂಡ್ ಬೈಕ್ ಮೇಲೆ ಸಾಲ ಇದೆಯಂತೆ

ಎಲ್ಲರಿಗೂ ನಮಸ್ಕಾರ. ತಮ್ಮನ ಕಾಲೇಜಿಗೆಂದು ಹೋದ ತಿಂಗಳು ತುಮಕೂರಿನ ಒಬ್ಬರಿಂದ 2019ರ ಸ್ಪ್ಲೆಂಡರ್ ತೆಗೆದುಕೊಂಡೆವು. 42,000 ರೂಪಾಯಿ, ಪೂರ್ತಿ ಫೋನ್‌ಪೇ ಮಾಡಿದೆ. ಗಾಡಿ ನಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿದರು. ಆರ್‌ಸಿ ಜೆರಾಕ್ಸ್ ಮಾತ್ರ ಕೊಟ್ಟು, ಒರಿಜಿನಲ್ ಊರಲ್ಲಿದೆ ಅಂದರು. ಮನೆಯೊಳಗೆ ಕೂರಿಸಿ ಕಾಫಿ ಕೊಟ್ಟವರ ಮೇಲೆ ಅನುಮಾನ ಹೇಗೆ ಬರುತ್ತದೆ ಹೇಳಿ?

ಈಗ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿ ನೋಡಿದರೆ ಸಾಲ ಕೊಟ್ಟ ಫೈನಾನ್ಸ್ ಕಂಪನಿ ಹೆಸರು ಹಾಗೇ ಇದೆ. ಆ ಕಂಪನಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಸಾಲದ ನಮೂದು ತೆಗೆಸುವ ಫಾರಂ 35 ತನ್ನಿ ಅಂತ ಆರ್‌ಟಿಒದಲ್ಲಿ ಹೇಳಿದರು. ಮಾರಿದವರ ಫೋನ್ ಸ್ವಿಚ್ ಆಫ್.

ಬಾಕಿ ಕಂತು ನಾವೇ ಕಟ್ಟಿದರೆ ಎನ್‌ಒಸಿ ನಮ್ಮ ಕೈಗೆ ಕೊಡುತ್ತಾರಾ? ಮೊದಲು ಪೊಲೀಸ್ ದೂರು ಕೊಡಬೇಕಾ? ಅಷ್ಟರಲ್ಲಿ ಫೈನಾನ್ಸ್‌ನವರು ಗಾಡಿ ಸೀಜ್ ಮಾಡಿದರೆ ಏನು ಮಾಡುವುದು? ಅಪ್ಪ ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಇದು. ಗೊತ್ತಿದ್ದವರು ದಯವಿಟ್ಟು ಹೇಳಿ.