ಸಹಾಯ ಬೇಕು: ಏಸಿ ಆನ್ ಆದ ಕೂಡಲೇ ಐಡಲ್ ಬೀಳುತ್ತಿದೆ, ಎಂಪಿಸಿ ಹಿಡಿಯುತ್ತಿಲ್ಲ

ನಮಸ್ಕಾರ ಎಲ್ಲರಿಗೂ. ಎಂಟೆಕ್ ಪ್ರಾಜೆಕ್ಟ್‌ಗೆ ಪೆಟ್ರೋಲ್ ಎಂಜಿನ್ನಿನ ಐಡಲ್ ಸ್ಪೀಡನ್ನು (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಎಂಪಿಸಿ, ಅಂದರೆ ಮುಂದೇನಾಗುತ್ತದೆಂದು ಲೆಕ್ಕ ಹಾಕಿ ನಿಯಂತ್ರಿಸುವ ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್‌ನಿಂದ 800 ಆರ್‌ಪಿಎಂನಲ್ಲಿ ಹಿಡಿದಿಡಬೇಕು. ಸಿಮ್ಯುಲಿಂಕ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿ ಏಸಿ ಕಂಪ್ರೆಸರ್ ಲೋಡ್ ಬಿದ್ದ ಕೂಡಲೇ ಸ್ಪೀಡ್ 620ಕ್ಕೆ ಇಳಿದು, ತುಂಬಾ ಹೊತ್ತು ಮೇಲೆ ಕೆಳಗೆ ಆಡುತ್ತದೆ.

ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ತೆರೆದರೆ ಮೊದಲು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆ) ತುಂಬಬೇಕು, ಆಮೇಲೂ ಆ ಗಾಳಿ ಟಾರ್ಕ್ (ತಿರುಗಿಸುವ ಬಲ) ಆಗಲು ಸುಮಾರು ಒಂದು ಸುತ್ತು ಬೇಕು, ಅಂದರೆ 800ರಲ್ಲಿ 75 ಮಿಲಿಸೆಕೆಂಡ್, ಸ್ಪೀಡ್ ಬಿದ್ದಷ್ಟೂ ಇನ್ನೂ ಜಾಸ್ತಿ ಅಲ್ವಾ? ನಾನು ಈ ಡಿಲೇಯನ್ನು ಬದಲಾಗದ ಹಾಗೆ ಇಟ್ಟಿದ್ದೇನೆ. ತಪ್ಪು ಅಲ್ಲೇ ಇದೆಯಾ?

ಸ್ಪಾರ್ಕ್ ಟೈಮಿಂಗ್ (ಕಿಡಿ ಹಾರುವ ಸಮಯ) ಬದಲಿಸಿದರೆ ಬೇಗ ಕೆಲಸ ಮಾಡುತ್ತದೆ ನಿಜ. ಆದರೆ ಅದು ಅಡ್ವಾನ್ಸ್ (ಕಿಡಿಯನ್ನು ಬೇಗ ಹಾರಿಸುವ) ಲಿಮಿಟ್‌ಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ, ಮುಂದಿನ ಲೋಡ್‌ಗೆ ಟಾರ್ಕ್ ಮೀಸಲೇ ಉಳಿಯುವುದಿಲ್ಲ. ಅದನ್ನು ನಿಧಾನವಾಗಿ ಮೊದಲಿನ ಜಾಗಕ್ಕೆ ತರಲು ಎಂಪಿಸಿ ಕನಿಷ್ಠ ಮಾಡಲು ನೋಡುವ ಕಾಸ್ಟ್ ಫಂಕ್ಷನ್‌ನಲ್ಲಿ ವೆಯ್ಟ್ ಹೇಗೆ ಹಾಕುತ್ತೀರಿ? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಎರಡು ವಾರದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.