ಪದಚರ್ಚೆ: ‘ಸ್ಮಾರ್ಟ್ ಎಲಾಸ್ಟಿಕ್’ ವಸ್ತುವಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ, ಚಿಕ್ಕಮಗಳೂರಿನಿಂದ

ಬಳಗದ ಹಿರಿಯರಿಗೆ ನಮಸ್ಕಾರ. ನಮ್ಮೂರಿನ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡಲು ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ಶುಕ್ರವಾರ ಸಂಜೆಯೊಳಗೆ ಬರಹವು ಅಚ್ಚಿನವರ ಕೈ ಸೇರಬೇಕು.

ವಿದ್ಯಾರ್ಥಿಗಳು ಸಿಲಿಕೋನ್ ರಬ್ಬರನ್ನು ಎರಕ ಹೊಯ್ದು ಒಂದು ಬೆರಳನ್ನು ಮಾಡಿದ್ದಾರೆ. ಅದರೊಳಗೆ ಸಾಲು ಗೂಡುಗಳಿವೆ, ಒಂದು ಮೈಗೆ ಹಿಗ್ಗದ ಬಟ್ಟೆಯನ್ನು ಅಂಟಿಸಿದೆ. ಸಿರಿಂಜಿನಿಂದ ಗಾಳಿಯನ್ನು ಒತ್ತಿದರೆ ಗೂಡುಗಳಿರುವ ಮೈ ಮಾತ್ರ ಹಿಗ್ಗುವುದರಿಂದ ಬೆರಳು ಬಟ್ಟೆಯ ಕಡೆಗೆ ಮಡಚಿಕೊಂಡು, ಹಣ್ಣಾದ ಕಾಫಿಯನ್ನು ಸಿಪ್ಪೆ ಒಡೆಯದಂತೆ ಹಿಡಿಯುತ್ತದೆ. ಬೆರಳಿನ ಬೆನ್ನಿಗೆ ಅಂಟಿಸಿದ ಪಟ್ಟಿಯೊಳಗೆ ಸಣ್ಣ ಕೊಳವೆಯಿದ್ದು, ಅದರಲ್ಲಿ ಗ್ಯಾಲಿಯಂ-ಇಂಡಿಯಂ ದ್ರವಲೋಹವನ್ನು ತುಂಬಿದ್ದಾರೆ. ಪಟ್ಟಿ ಹಿಗ್ಗಿದಾಗ ಕೊಳವೆ ಉದ್ದವಾಗಿ ಸಪೂರವಾಗುತ್ತದೆ, ವಿದ್ಯುತ್ ರೋಧ ಏರುತ್ತದೆ, ಬೆರಳು ಎಷ್ಟು ಮಡಚಿತೆಂಬುದು ಅದರಿಂದ ತಿಳಿಯುತ್ತದೆ. ಕಣ್ಣು ಮುಚ್ಚಿದ್ದರೂ ನಮ್ಮ ಬೆರಳಿನ ಮಡಿಕೆ ನಮಗೆ ಗೊತ್ತಾಗುವ ಬಗೆಯೇ ಇದಕ್ಕೆ ಮಾದರಿಯಂತೆ.

ನಾನು ‘ಚತುರ ಸ್ಥಿತಿಸ್ಥಾಪಕ ವಸ್ತು’, ‘ಮೃದು ರೋಬೊ’, ‘ನಿಸರ್ಗಪ್ರೇರಿತ ಸಂವೇದನೆ’ ಎಂದು ಬರೆದಿದ್ದೆ. ಮೊದಲನೆಯದನ್ನು ಓದಿದ ನಮ್ಮ ಅತ್ತೆಯವರು, “ಯಾವ ದೇವಸ್ಥಾನದ ಪ್ರತಿಷ್ಠಾಪನೆ ಇದು?” ಎಂದು ಕೇಳಿದರು. ದಯವಿಟ್ಟು ದಾರಿ ತೋರಿಸಿ.

ಉತ್ತರ, ಬೇಲೂರಿನಿಂದ

‘ಸ್ಥಿತಿಸ್ಥಾಪಕ’ ಇಲ್ಲಿ ಸಲ್ಲದು. ಅದು ವಿರೂಪಕ್ಕೆ ಎದುರುನಿಂತು ಮೊದಲಿನ ಆಕಾರಕ್ಕೆ ಮರಳುವ ಗುಣದ ಹೆಸರು. ಆ ಲೆಕ್ಕದಲ್ಲಿ ರಬ್ಬರಿಗಿಂತ ಉಕ್ಕೇ ಹೆಚ್ಚು ಸ್ಥಿತಿಸ್ಥಾಪಕವೆಂದು ಪಿಯುಸಿ ಮಕ್ಕಳೂ ಒಪ್ಪಿಸುತ್ತಾರೆ. ನಿಮ್ಮ ಬೆರಳಿನ ಹೆಚ್ಚುಗಾರಿಕೆ ಇರುವುದು ಹಿಗ್ಗುವುದರಲ್ಲಿ. ‘ಹಿಗ್ಗು’ ಎಂಬ ಧಾತು ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ?

‘ರೋಬೊ’ ಕೂಡ ಬೇಡ. ಕಾರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ಬಳಸಿದ ಆ ಪದದ ಬೇರು ಚೆಕ್ ನುಡಿಯ ‘ರೋಬೋಟ’, ಎಂದರೆ ಒಡೆಯನಿಗೆ ಬಲವಂತವಾಗಿ ಮಾಡಿಕೊಡಬೇಕಾದ ದುಡಿಮೆ. ನಮ್ಮಲ್ಲಿ ಅದಕ್ಕೆ ‘ಬಿಟ್ಟಿ’ ಎಂಬ ಮಾತು ಶಾಸನಗಳ ಕಾಲದಿಂದ ಇದೆ. ‘ವಿಷ್ಟಿ’ಯೇ ‘ಬಿಟ್ಟಿ’ಯಾಯಿತು, ‘ವಿಷ್ಣು’ವೂ ‘ಬಿಟ್ಟಿ’ಯಾದದ್ದರಿಂದ ನಮ್ಮೂರ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನನಿಗೆ ಬಿಟ್ಟಿದೇವನೆಂಬ ಹೆಸರಿದೆ. ಇವೆರಡನ್ನೂ ಬೆರೆಸಬಾರದು. ‘ಮೆದುಬಿಟ್ಟಿ’ ಎಂದು ಬರೆಯಿರಿ.

ಉತ್ತರ, ಹಾಸನದಿಂದ

ಸಂಸ್ಕೃತದ ಬಾಗಿಲು ತಟ್ಟಬಾರದೆಂದವರು ‘ವಿಷ್ಟಿ’ಯ ಹಿತ್ತಲಿನಿಂದ ಒಳಗೆ ಬಂದಿದ್ದಾರೆ. ಅದಿರಲಿ, ಇಂದಿನ ಕನ್ನಡದಲ್ಲಿ ‘ಬಿಟ್ಟಿ’ ಎಂದರೆ ಪುಕ್ಕಟೆ. ಆ ಫಲಕವನ್ನು ನೋಡಿದ ಮಕ್ಕಳು ಕೈಚೀಲ ತರುತ್ತಾರೆ.

ತಪ್ಪು ಇರುವುದು ‘ಚತುರ’ದಲ್ಲಿ. ಗಾಳಿ ಒತ್ತಿದಾಗ ಮಡಚುವ ಸಿಲಿಕೋನಿಗೆ ಯಾವ ಚಾತುರ್ಯವೂ ಇಲ್ಲ, ಸೈಕಲ್ ಟ್ಯೂಬಿಗೂ ಗಾಳಿ ತುಂಬುತ್ತೇವೆ. ಹೊರಗಿನ ಬಿಸಿ, ಬೆಳಕು, ವಿದ್ಯುತ್ತಿಗೆ ತಾನೇ ರೂಪ ಬದಲಿಸುವ ವಸ್ತುವಿಗೆ ಮಾತ್ರ ಆ ಮಾತು ಸಲ್ಲುತ್ತದೆ. ಡೈಎಲೆಕ್ಟ್ರಿಕ್ ಎಲಾಸ್ಟೊಮರಿನ (ವಿದ್ಯುತ್ತನ್ನು ಹರಿಯಗೊಡದ, ರಬ್ಬರಿನಂತೆ ಹಿಗ್ಗುವ ವಸ್ತುವಿನ) ತೆಳುಹಾಳೆಯ ಎರಡೂ ಮೈಗೆ ವಿದ್ಯುದ್ವಾರಗಳನ್ನು ಬಳಿದು ವೋಲ್ಟೇಜ್ ಕೊಟ್ಟರೆ, ಅವು ಒಂದನ್ನೊಂದು ಸೆಳೆದು ಹಾಳೆಯನ್ನು ಹಿಂಡುತ್ತವೆ, ಹಾಳೆ ತೆಳುವಾಗಿ ಅಗಲಕ್ಕೆ ಹರಡುತ್ತದೆ. ಇದು ಸ್ಪಂದನೆ, ‘ಸ್ಪಂದಕ’ ಸಾಕು.

ಇಂಥದಕ್ಕೆ ಹೆಸರಿಡುವ ಕ್ರಮವನ್ನು ನಮ್ಮ ಹಳ್ಳಿಯವರು ಎಂದೋ ಕಲಿಸಿದ್ದಾರೆ. ‘ಮುಟ್ಟಿದರೆ ಮುನಿ’ ಎಂಬಲ್ಲಿ ಕಾರಣವೂ ಇದೆ, ಪ್ರತಿಕ್ರಿಯೆಯೂ ಇದೆ. ಮುಟ್ಟಿದೊಡನೆ ಎಲೆತೊಟ್ಟಿನ ಬುಡದ ಉಬ್ಬಿನಲ್ಲಿರುವ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳೂ ಅವುಗಳ ಹಿಂದೆಯೇ ನೀರೂ ಹೊರಬಿದ್ದು, ಒತ್ತಡ ಇಳಿದು ಎಲೆ ಮಡಚುತ್ತದೆ. ನಿಮ್ಮ ಬೆರಳು ಒತ್ತಡ ಏರಿದಾಗ ಮಡಚುತ್ತದೆ, ಅಷ್ಟೇ ವ್ಯತ್ಯಾಸ.

ಮರುತ್ತರ, ಬೇಲೂರಿನಿಂದ

ತದ್ಭವವು ಸಾಲವಲ್ಲ, ತೀರಿಸಿದ ಸಾಲ. ‘ರಬ್ಬರು’, ‘ರೋಬೊ’ ಎಂದು ಇದ್ದಂತೆಯೇ ಬರೆಯುವುದು ಸೋಮಾರಿತನ.

ಮರುತ್ತರ, ಹಾಸನದಿಂದ

ಹಾಗಾದರೆ ಮೊದಲು ‘ಕಾಫಿ’ಗೆ ಕನ್ನಡ ಹುಡುಕಿ, ಆಮೇಲೆ ಚಿಕ್ಕಮಗಳೂರಿನವರಿಗೆ ಬುದ್ಧಿ ಹೇಳಿ.

ಕೇಳಿದವರಿಂದ

ಇಬ್ಬರಿಗೂ ಋಣಿ. ‘ಸ್ಥಿತಿಸ್ಥಾಪಕ’, ‘ಚತುರ’ ಎರಡನ್ನೂ ಹೊಡೆದುಹಾಕಿದ್ದೇನೆ. ‘ಮೆದು ರೋಬೊ’ ಉಳಿಯಿತು. ಬೇಲೂರಿನ ಹಿರಿಯರು ಅರ್ಧವನ್ನಾದರೂ ಕ್ಷಮಿಸಬೇಕು. ‘ನಿಸರ್ಗಪ್ರೇರಿತ’ವನ್ನು ಯಾರೂ ಆಕ್ಷೇಪಿಸದ ಕಾರಣ ಮುಟ್ಟಿಲ್ಲ. ಸ್ಪಂದಿಸುವ ವಸ್ತು ಈ ಮಾದರಿಯಲ್ಲಿ ಇಲ್ಲವಾದ್ದರಿಂದ ‘ಸ್ಪಂದಕ’ಕ್ಕೆ ಈ ಸಲ ಜಾಗವಿಲ್ಲ. ದ್ರವಲೋಹದ ಪಟ್ಟಿಯ ಕೆಳಗೆ ‘ಎಳೆದರೆ ಹಿಗ್ಗಿ, ಎಷ್ಟು ಹಿಗ್ಗಿದೆನೆಂದು ತಾನೇ ತಿಳಿಸುವ ರಬ್ಬರು’ ಎಂದು ಬರೆದೆ. ಅದು ಪದವಲ್ಲ, ವಿವರಣೆ ಎಂಬುದು ಗೊತ್ತಿದೆ. ಅತ್ತೆಯವರು ಓದಿ, “ಹಸಿರುಕಾಯಿಗೂ ಹಣ್ಣಿಗೂ ಇದು ಬೇರೆ ಬೇರೆ ಹೇಳುತ್ತದೆಯೇ?” ಎಂದು ಕೇಳಿದ್ದಾರೆ, ಆ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ದಾಟಿಸಿದ್ದೇನೆ.